ವೈದ್ಯರ ನಿತ್ಯವಿದ್ಯೆ ಮತ್ತು ಅಂತರಜಾಲ

ಒಮ್ಮೆ ಕೈವಶವಾದರೆ ಜೀವಮಾನವಿಡೀ ಜೊತೆಗಿರುವ ವಿದ್ಯೆಗಳು ಕೆಲವುಂಟು. ಈಜು ಕಲಿತವನು ಅದನ್ನು ಮರೆಯುವುದಿಲ್ಲ. ವೈದ್ಯವಿದ್ಯೆ ಆ ಜಾತಿಗೆ ಸೇರಿದುದಲ್ಲ. ಪದವಿ ಪಡೆದ ದಿನ ಸರಿಯೆನಿಸಿದ್ದ ಚಿಕಿತ್ಸೆಯು ಹತ್ತು ವರ್ಷಗಳ ತರುವಾಯ ತಪ್ಪೆನಿಸಿಕೊಳ್ಳುವುದು ಅದರಲ್ಲಿ ಅಪರೂಪವಲ್ಲ.

ಹೊಟ್ಟೆಹುಣ್ಣಿಗೆ ಚಿಂತೆ ಮತ್ತು ಖಾರದ ಊಟವೇ ಕಾರಣವೆಂದು ವೈದ್ಯರು ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದರ ಹಿಂದೆ ಒಂದು ಬ್ಯಾಕ್ಟೀರಿಯ ಇರುವುದನ್ನು ಗುರುತಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕ್ಷಯರೋಗದ ಕಥೆಯೂ ಅಂತೆಯೇ. ಭಾರತದ ಸರಕಾರಿ ಕಾರ್ಯಕ್ರಮದಲ್ಲಿ ವಾರಕ್ಕೆ ಮೂರು ದಿನ ಔಷಧಿ ಕೊಡುತ್ತಿದ್ದ ಪದ್ಧತಿಯನ್ನು 2017ರಲ್ಲಿ ಕೈಬಿಟ್ಟು, ನಿತ್ಯವೂ ಔಷಧಿ ಕೊಡುವ ಕ್ರಮವನ್ನು ದೇಶದಾದ್ಯಂತ ಜಾರಿಗೆ ತರಲಾಯಿತು. ಹಲವು ಔಷಧಿಗಳಿಗೆ ಬಗ್ಗದ ಕ್ಷಯದ ಚಿಕಿತ್ಸೆ ಇಪ್ಪತ್ತು ತಿಂಗಳವರೆಗೂ ಎಳೆಯುತ್ತಿತ್ತು. ಆರು ತಿಂಗಳಲ್ಲಿ ಮುಗಿಯುವ ಹೊಸ ಕ್ರಮಕ್ಕೆ ಕೇಂದ್ರ ಸರಕಾರ 2024ರಲ್ಲಿ ಒಪ್ಪಿಗೆಯಿತ್ತಿತು. ಈ ಬದಲಾವಣೆಗಳನ್ನು ಅರಿಯದ ವೈದ್ಯನಿಂದ ರೋಗಿಗೆ ಒದಗುವ ಹಾನಿ ಸಣ್ಣದಲ್ಲ.

ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಇವರಲ್ಲಿ ಅನೇಕರ ತಂದೆತಾಯಿಗಳು ಇಂದಿಗೂ ಊರಿನಲ್ಲೇ ಇದ್ದಾರೆ. ಅವರ ರಕ್ತದೊತ್ತಡವನ್ನೂ ಸಕ್ಕರೆ ಕಾಯಿಲೆಯನ್ನೂ ನೋಡಿಕೊಳ್ಳುವವರು ಮಹಾನಗರದ ತಜ್ಞರಲ್ಲ, ತಾಲೂಕಿನ ವೈದ್ಯರು. ನೂರಾರು ಮೈಲಿ ದೂರದಲ್ಲಿ ದುಡಿಯುವ ಮಕ್ಕಳ ನೆಮ್ಮದಿಯು ಆ ವೈದ್ಯರ ವಿದ್ಯೆ ಎಷ್ಟು ಹೊಸದಾಗಿದೆಯೆಂಬುದನ್ನು ಅವಲಂಬಿಸಿದೆ.

ಅನುಭವ ಹೆಚ್ಚಿದಂತೆ ವೈದ್ಯರ ಕೈಗುಣವೂ ಹೆಚ್ಚುವುದೆಂಬುದು ಜನರ ನಂಬಿಕೆ. 2005ರಲ್ಲಿ ಹಾರ್ವರ್ಡಿನ ಸಂಶೋಧಕರು ಈ ಬಗ್ಗೆ ಅದುವರೆಗೆ ನಡೆದಿದ್ದ 62 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ 32, ಎಂದರೆ ಅರ್ಧಕ್ಕಿಂತ ಹೆಚ್ಚು, ಅಳೆದ ಎಲ್ಲ ಅಂಶಗಳಲ್ಲೂ ವೃತ್ತಿಯ ವರ್ಷಗಳು ಕಳೆದಂತೆ ಗುಣಮಟ್ಟ ಇಳಿಯುವುದನ್ನೇ ತೋರಿಸಿದ್ದವು. ಅನುಭವಕ್ಕೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಅನುಭವವೊಂದೇ ಸಾಲದು ಎಂಬುದೇ ಇದರ ತಾತ್ಪರ್ಯ.

ಗಂಟೆಗಳ ಜಮೆ

ಈ ಅಪಾಯವನ್ನು ತಡೆಯಲೆಂದೇ ನಿರಂತರ ವೈದ್ಯಕೀಯ ಶಿಕ್ಷಣದ ವ್ಯವಸ್ಥೆ ಹುಟ್ಟಿಕೊಂಡಿತು. ವೈದ್ಯರು ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳಷ್ಟಾದರೂ ಇಂಥ ಶಿಕ್ಷಣವನ್ನು ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳಿತು. ಆದರೆ ರಾಜ್ಯ ರಾಜ್ಯಗಳಲ್ಲಿ ಅದರ ಪಾಲನೆ ಒಂದೇ ತೆರನಾಗಿ ನಡೆದುಬಂದಿಲ್ಲ. ಭಾನುವಾರದ ಸಭೆ, ಹಾಜರಿ ಪುಸ್ತಕದಲ್ಲಿ ಸಹಿ, ಭೋಜನ, ಪ್ರಮಾಣಪತ್ರ: ಇದು ಬಹುಕಾಲದ ರೂಢಿ. 2020ರಲ್ಲಿ ಕೋವಿಡ್ ಬಂದು ಸಭೆಗಳು ನಿಂತಾಗ ಇವೇ ಉಪನ್ಯಾಸಗಳು ಅಂತರಜಾಲಕ್ಕೆ ಏರಿದವು.

ಏರಿದುದು ಉಪನ್ಯಾಸ ಮಾತ್ರ. ಕಲಿಕೆಯ ರೀತಿ ಬದಲಾಗಲಿಲ್ಲ. ಒಂದು ಗಂಟೆಯ ಭಾಷಣವು ಮೇಜಿನ ಮೂಲೆಯಲ್ಲಿ ತನ್ನಷ್ಟಕ್ಕೆ ಓಡುತ್ತಿರುವಾಗ ವೈದ್ಯರು ಎದುರಿನ ರೋಗಿಯ ನಾಡಿ ಹಿಡಿದು ಕುಳಿತಿರಬಹುದು. ಕೊನೆಯಲ್ಲಿ ಹತ್ತು ಪ್ರಶ್ನೆಗಳು. ತಪ್ಪಿದರೆ ಸರಿಯಾಗುವ ತನಕ ಮತ್ತೆ ಮತ್ತೆ ಉತ್ತರಿಸಲು ಅವಕಾಶ. ಹಾಜರಿಯ ಖಾತೆಗೆ ಒಂದು ಗಂಟೆ ಜಮೆಯಾಯಿತು. ವಿದ್ಯೆಯ ಖಾತೆಗೆ ಜಮೆಯಾದುದೆಷ್ಟು ಎಂದು ಪರಿಶೋಧಿಸುವವರಿಲ್ಲ.

ಇದಕ್ಕೆ ಅಂತರಜಾಲವನ್ನು ಹಳಿಯುವುದು ಸರಿಯಲ್ಲ. ಅಂತರಜಾಲದ ಮೂಲಕ ಕಲಿತವರೂ ತರಗತಿಯಲ್ಲಿ ಕಲಿತವರೂ ಸರಾಸರಿಯಲ್ಲಿ ಹೆಚ್ಚುಕಡಿಮೆ ಸಮವಾಗಿಯೇ ಕಲಿಯುತ್ತಾರೆಂದು 2008ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ವಿಸ್ತೃತ ಸಮೀಕ್ಷೆ ತಿಳಿಸಿತು. ದೋಷವಿರುವುದು ಬರಿಯ ಭಾಷಣದಲ್ಲಿ. 1999ರಲ್ಲಿ ಅದೇ ಪತ್ರಿಕೆಯಲ್ಲಿ ಟೊರಾಂಟೋದ ಡೇವ್ ಡೇವಿಸ್ ಮತ್ತು ಸಂಗಡಿಗರು ಇದನ್ನು ಸ್ಪಷ್ಟಪಡಿಸಿದ್ದರು: ಕೇವಲ ಉಪನ್ಯಾಸ ಕೇಳಿದ ವೈದ್ಯರ ಚಿಕಿತ್ಸಾಕ್ರಮ ಬದಲಾಗುವುದಿಲ್ಲ, ಚರ್ಚಿಸಿ, ಕೈಯಾರೆ ಅಭ್ಯಾಸ ಮಾಡಿದವರದು ಬದಲಾಗಬಲ್ಲದು.

ನವೀಕರಣವೆಂದರೇನು?

ಆದುದರಿಂದ ಹಳೆಯ ಕಲಿಕಾ ತಾಣಕ್ಕೆ ಹೊಸ ಬಣ್ಣ ಬಳಿದರೆ ಅದು ನವೀಕರಣವಾಗದು. ತಾಂತ್ರಿಕ ದುರಸ್ತಿ ಅವಶ್ಯವೇ ಸರಿ. ಫ್ಲ್ಯಾಶ್ ಎಂಬ ತಂತ್ರಾಂಶಕ್ಕೆ ಅದರ ತಯಾರಕರು 2020ರ ಡಿಸೆಂಬರ್ 31ರಂದು ಮುಕ್ತಾಯ ಹೇಳಿದಾಗ, ಅದನ್ನು ನಂಬಿ ರಚಿಸಿದ್ದ ಪಾಠಗಳು ತೆರೆಯಲಾರದೆ ಹೋದವು. ಪಾಠವು ಮೊಬೈಲಿನಲ್ಲಿ ತೆರೆಯಬೇಕು, ದುರ್ಬಲ ಸಂಪರ್ಕವಿರುವ ಊರಿನಲ್ಲೂ ಇಳಿಸಿಕೊಳ್ಳಲು ಬರಬೇಕು. ಪ್ರತಿ ಪಾಠದ ಮೇಲೂ ಅದನ್ನು ಬರೆದ ದಿನಾಂಕ ಮತ್ತು ಮರುಪರಿಶೀಲನೆಯ ದಿನಾಂಕ ಇರಬೇಕು. ಔಷಧಿಯ ಸೀಸೆಗೆ ಅವಧಿ ಉಂಟು. ಔಷಧಿಯ ಪಾಠಕ್ಕೇಕೆ ಬೇಡ?

ಇದಕ್ಕಿಂತ ಮುಖ್ಯವಾದುದು ಬೋಧನೆಯ ಕ್ರಮ. ಕಲಿತುದು ದಿನ ಕಳೆದಂತೆ ಮಾಸುವುದೆಂದೂ, ಬಿಡುವು ಕೊಟ್ಟು ಮರಳಿ ನೆನೆದರೆ ಉಳಿಯುವುದೆಂದೂ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಇದೇ ತತ್ತ್ವವನ್ನು ಹಾರ್ವರ್ಡಿನ ಪ್ರೈಸ್ ಕೆರ್ಫೂಟ್ ವೈದ್ಯರ ಮೇಲೆ ಪ್ರಯೋಗಿಸಿದರು. ದೀರ್ಘ ಪಾಠದ ಬದಲು ಮಿಂಚಂಚೆಯಲ್ಲಿ ಆಗಾಗ ಒಂದೊಂದು ಪ್ರಶ್ನೆ, ಉತ್ತರಿಸಿದೊಡನೆ ವಿವರಣೆ, ಕೆಲವು ವಾರಗಳ ಬಳಿಕ ಮತ್ತೆ ಅದೇ ಪ್ರಶ್ನೆ. ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಅನಗತ್ಯವಾಗಿ ಬರೆದುಕೊಡುತ್ತಿದ್ದ ರಕ್ತಪರೀಕ್ಷೆಗಳು ಇದರಿಂದ ಕಡಿಮೆಯಾದವು. ಪಾಠ ಮುಗಿದ ಬಳಿಕವೂ ಪರಿಣಾಮ ಉಳಿಯಿತೆಂದು 2010ರ ವರದಿ ಹೇಳಿತು.

ಇನ್ನೊಂದು ಮಾದರಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ್ದು. ಹೆಪಟೈಟಿಸ್ ಸಿ ರೋಗಿಗಳು ದೂರದ ಹಳ್ಳಿಗಳಿಂದ ನಗರಕ್ಕೆ ಬಂದು ತಿಂಗಳುಗಟ್ಟಲೆ ಕಾಯುವುದನ್ನು ಕಂಡ ಡಾ. ಸಂಜೀವ್ ಅರೋರಾ 2003ರಲ್ಲಿ 'ಎಕೋ' ಯೋಜನೆಯನ್ನು ಆರಂಭಿಸಿದರು. ಹಳ್ಳಿಯ ವೈದ್ಯರು ತಮ್ಮ ರೋಗಿಗಳ ವಿವರವನ್ನು ಹೆಸರು ಬಿಟ್ಟು ಪರದೆಯ ಮೇಲೆ ಮಂಡಿಸುತ್ತಾರೆ. ತಜ್ಞರೂ ಇತರ ವೈದ್ಯರೂ ಕೂಡಿ ಚರ್ಚಿಸುತ್ತಾರೆ. ರೋಗಿ ಊರು ಬಿಡಬೇಕಿಲ್ಲ. ವಿದ್ಯೆಯೇ ಊರಿಗೆ ಬರುತ್ತದೆ. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶೇಕಡಾ 57.5, ಯೋಜನೆಗೆ ಸೇರಿದ ಹೊರ ಕೇಂದ್ರಗಳಲ್ಲಿ ಶೇಕಡಾ 58.2 ರೋಗಿಗಳಲ್ಲಿ ಚಿಕಿತ್ಸೆ ಸಫಲವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಮಾದರಿಯನ್ನು ಅಳವಡಿಸಿಕೊಂಡು, ದೂರದ ಛತ್ತೀಸಗಢದ ಸರಕಾರಿ ವೈದ್ಯರಿಗೂ ಮಾನಸಿಕ ರೋಗಗಳ ಚಿಕಿತ್ಸೆಯಲ್ಲಿ ತರಬೇತಿ ನೀಡಿತೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಎರಡು ಅಡ್ಡಿಗಳು

ಮೊದಲನೆಯದು ಹಣ. ವೈದ್ಯರ ಶಿಕ್ಷಣದ ಖರ್ಚನ್ನು ಔಷಧಿ ಕಂಪನಿಗಳು ಹೊತ್ತರೆ ಪಾಠದೊಳಗೆ ಮಾರಾಟ ನುಸುಳುವ ಭಯವುಂಟು. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಔಷಧಿ ಮಾರಾಟದ ಸಂಹಿತೆಯು ಇಂಥ ಶಿಬಿರಗಳನ್ನು ವಿದೇಶಗಳಲ್ಲಿ ನಡೆಸುವುದನ್ನು ನಿಷೇಧಿಸಿ, ಖರ್ಚಿನ ವಿವರ ಬಹಿರಂಗವಾಗಬೇಕೆಂದಿತು. ಅಂತರಜಾಲದ ಪಾಠವೂ ಯಾರ ಹಣದಿಂದ ಸಿದ್ಧವಾಯಿತೆಂಬುದನ್ನು ಮೊದಲ ಪುಟದಲ್ಲೇ ತಿಳಿಸತಕ್ಕದ್ದು.

ಎರಡನೆಯದು ಸಮಯ. ಬೆಳಗಿನಿಂದ ಸಂಜೆಯವರೆಗೆ ರೋಗಿಗಳ ಸಾಲನ್ನು ನೋಡುವ ತಾಲೂಕು ವೈದ್ಯರಿಗೆ ರಾತ್ರಿ ಹತ್ತರ ಮೇಲೆ ಓದೆಂದು ಉಪದೇಶಿಸುವುದು ಸುಲಭ. ಕಲಿಕೆಯೂ ಕರ್ತವ್ಯದ ಭಾಗವೆಂದಾದರೆ, ಅದಕ್ಕೆ ಕರ್ತವ್ಯದ ಅವಧಿಯಲ್ಲೇ ಬಿಡುವು ದೊರೆಯಬೇಕು. ಇದಿಲ್ಲದಿದ್ದರೆ ಎಷ್ಟೇ ಸುಂದರವಾದ ತಾಣವೂ ಪ್ರಮಾಣಪತ್ರ ಮುದ್ರಿಸುವ ಯಂತ್ರವಾಗಿ ಉಳಿದೀತು.

ಹೊರನಾಡಿನ ಕನ್ನಡ ಸಂಘಗಳೂ ಈ ಕಾರ್ಯದಲ್ಲಿ ಕೈಜೋಡಿಸಬಹುದು. ಸಂಘಗಳಲ್ಲಿ ತಜ್ಞವೈದ್ಯರಿಗೆ ಕೊರತೆಯಿಲ್ಲ. ವರ್ಷಕ್ಕೊಂದು ಆರೋಗ್ಯ ಶಿಬಿರ ನಡೆಸುವುದರ ಜೊತೆಗೆ, ತಿಂಗಳಿಗೊಂದು ಸಂಜೆ ಅವರು ತಮ್ಮ ಜಿಲ್ಲೆಯ ವೈದ್ಯರೊಡನೆ ಪರದೆಯ ಮೂಲಕ ಕನ್ನಡದಲ್ಲೇ ರೋಗಿಗಳ ಕುರಿತು ಚರ್ಚಿಸಿದರೆ ಅದು ಹುಟ್ಟೂರಿಗೆ ಸಲ್ಲುವ ದೊಡ್ಡ ಸೇವೆ. ಅದರ ಲೆಕ್ಕವನ್ನು ಗಂಟೆಗಳಲ್ಲಿ ಬರೆಯಬೇಕಿಲ್ಲ. ಊರಿನ ಹಿರಿಯರ ರಕ್ತದೊತ್ತಡ ಹತೋಟಿಗೆ ಬಂದರೆ, ಕ್ಷಯರೋಗಿ ಔಷಧಿಯನ್ನು ನಡುವೆ ಬಿಡದೆ ಮುಗಿಸಿದರೆ, ಜಮೆ ಸರಿಯಾಗಿ ಬಿದ್ದಿದೆಯೆಂದೇ ತಿಳಿಯಬೇಕು.