ತೋಟದ ಬ್ಯಾಟರಿ ಪಂಪಿಗೆ ತಕ್ಕ ರಿಲೇ

ಶಿರಸಿ ತಾಲ್ಲೂಕಿನ ವಾನಳ್ಳಿಯ ಸುತ್ತಣ ಅಡಿಕೆ ತೋಟಗಳು ಕಾಡಿನ ನಡುವಣ ತಗ್ಗುಗಳಲ್ಲಿರುವವು. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ತಂತಿ ಹರಿಯುವುದು ಇಲ್ಲಿ ಹೊಸತಲ್ಲ. ಆದಕಾರಣ ಸೌರಫಲಕ ಮತ್ತು 12 ವೋಲ್ಟಿನ ಬ್ಯಾಟರಿಯಿಂದ ಸಣ್ಣ ಪಂಪನ್ನು ನಡೆಸುವ ಕ್ರಮವು ತೋಟಗಾರರಿಗೆ ಉಪಯುಕ್ತವಾದದ್ದು.

ತೊಟ್ಟಿ ತುಂಬಿದೊಡನೆ ಪಂಪನ್ನು ನಿಲ್ಲಿಸಲು ಫ್ಲೋಟ್ ಸ್ವಿಚ್ಚನ್ನು ಇಡುವರು. ಪಂಪಿನ ಪ್ರವಾಹವೆಲ್ಲವೂ ಈ ಸ್ವಿಚ್ಚಿನಲ್ಲಿಯೇ ಹರಿದರೆ, ಡಿ.ಸಿ. ಪ್ರವಾಹವನ್ನು ಕಡಿಯುವಾಗ ಏಳುವ ಕಿಡಿಯಿಂದ ಅದು ಬೇಗನೆ ಸುಟ್ಟುಹೋಗುವುದು. ಚಲಿಸುವ ಭಾಗಗಳಿಲ್ಲದ ಸಾಲಿಡ್ ಸ್ಟೇಟ್ ರಿಲೇಯನ್ನು ನಡುವೆ ಇಟ್ಟರೆ ಸ್ವಿಚ್ಚು ಕೇವಲ ಸೂಚನೆ ಕೊಡುವುದು. ಭಾರವನ್ನು ರಿಲೇ ಹೊರುವುದು.

ಆದರೆ ಒಂದು ತೋಟದಲ್ಲಿ ತೊಟ್ಟಿ ತುಂಬಿ ಹರಿದರೂ ಪಂಪು ನಿಲ್ಲದೆ, ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾಗಿದ್ದುದನ್ನು ನಾನು ಕಂಡೆನು. ರಿಲೇ ಕೆಟ್ಟಿರಲಿಲ್ಲ; ಅದು ಎ.ಸಿ. ಪ್ರವಾಹಕ್ಕಾಗಿ ಮಾಡಿದ್ದಾಗಿತ್ತು. ಅಂಥ ರಿಲೇಯ ಒಳಗಿರುವ ಟ್ರಯಾಕ್ ಅಥವಾ ಥೈರಿಸ್ಟರ್ ಒಮ್ಮೆ ತೆರೆದ ಮೇಲೆ, ಪ್ರವಾಹವು ಸೊನ್ನೆಗೆ ಇಳಿದಾಗ ಮಾತ್ರ ಮುಚ್ಚುವುದು. ಮನೆಯ 50 ಸೈಕಲ್ಲಿನ ವಿದ್ಯುತ್ತು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದು. ಬ್ಯಾಟರಿಯ ಪ್ರವಾಹವು ಹಾಗೆ ಬಾರದು. 8 ಆಂಪಿಯರಿನ ಪಂಪು 10 ಗಂಟೆ ವೃಥಾ ಓಡಿದರೆ 80 ಆಂಪಿಯರ್-ಗಂಟೆ ನಷ್ಟವಾಗುವುದು. ಹೀಗೆ ಪದೇ ಪದೇ ಬರಿದಾದ ಬ್ಯಾಟರಿಯ ಆಯುಷ್ಯವೂ ಕುಗ್ಗುವುದು.

ಆದುದರಿಂದ ಈ ಕೆಳಗಿನ ಸಂಗತಿಗಳನ್ನು ಗಮನಿಸತಕ್ಕದ್ದು:

1. ರಿಲೇಯ ಮೇಲೆ ಪಂಪಿಗೆ ಹೋಗುವ ತುದಿಗಳ ಬಳಿ ಡಿ.ಸಿ. ಎಂದು ಬರೆದಿರಬೇಕು. ಸೂಚನೆಯ ತುದಿಗಳಲ್ಲಿ 3ರಿಂದ 32 ವೋಲ್ಟ್ ಡಿ.ಸಿ. ಎಂದಿರುವುದನ್ನು ಮಾತ್ರ ನೋಡಿ ಕೊಳ್ಳಕೂಡದು, ಎ.ಸಿ. ರಿಲೇಗಳಲ್ಲಿಯೂ ಹಾಗೆ ಬರೆದಿರುವುದುಂಟು. ಡಿ.ಸಿ. ಕೆಲಸಕ್ಕೆ ಮಾಸ್‌ಫೆಟ್ ಇರುವ ರಿಲೇಯೇ ಯೋಗ್ಯವು.

2. ಮೋಟಾರು ಹೊರಡುವಾಗ ಹೆಚ್ಚು ಪ್ರವಾಹವನ್ನು ಎಳೆಯುವುದರಿಂದ, 8 ಆಂಪಿಯರಿನ ಪಂಪಿಗೆ 25 ಆಂಪಿಯರಿನ ರಿಲೇಯನ್ನು ಆರಿಸಿ, ಶಾಖ ಹೋಗುವಂತೆ ಲೋಹದ ಹಲಗೆಯ ಮೇಲೆ ಬಿಗಿಯಬೇಕು.

3. ಧನ, ಋಣ ತುದಿಗಳನ್ನು ಅದಲುಬದಲು ಮಾಡಕೂಡದು. ಮಾಡಿದರೆ ಪಂಪು ಸೂಚನೆಯಿಲ್ಲದೆಯೇ ಓಡುತ್ತಿರುವುದು.

4. ಪಂಪಿನ ಎರಡು ತುದಿಗಳ ನಡುವೆ ಒಂದು ಡಯೋಡನ್ನು, ಗೆರೆಯುಳ್ಳ ಕಡೆಯು ಧನಕ್ಕೆ ಬರುವಂತೆ, ಜೋಡಿಸಬೇಕು. ಇಲ್ಲವಾದರೆ ಪಂಪು ನಿಲ್ಲುವಾಗ ಮೋಟಾರಿನ ಸುರುಳಿಯಿಂದ ಏಳುವ ಹೆಚ್ಚಿನ ವೋಲ್ಟೇಜು ರಿಲೇಯನ್ನು ಕೆಡಿಸೀತು.

5. ಕೆಟ್ಟ ರಿಲೇಯು ಬಹುಧಾ ತೆರೆದ ಸ್ಥಿತಿಯಲ್ಲಿಯೇ, ಅಂದರೆ ಪ್ರವಾಹವನ್ನು ಬಿಡುತ್ತಲೇ, ನಿಲ್ಲುವುದು. ಆದ್ದರಿಂದ ಬ್ಯಾಟರಿಯ ಹತ್ತಿರವೇ ಫ್ಯೂಸನ್ನೂ ಕೈಸ್ವಿಚ್ಚನ್ನೂ ಅವಶ್ಯವಾಗಿ ಇಡತಕ್ಕದ್ದು.

ಜೋಡಣೆ ಮುಗಿದ ಮೇಲೆ ಫ್ಲೋಟನ್ನು ಕೈಯಿಂದ ಎತ್ತಿ, ಪಂಪು ನಿಲ್ಲುವುದೋ ಇಲ್ಲವೋ ಎಂದು ಹಗಲಿನಲ್ಲಿಯೇ ಪರೀಕ್ಷಿಸಬೇಕು. ಊರಿನ ಮುಖಂಡರು ಈ ಒಂದು ಪರೀಕ್ಷೆಯನ್ನು ತಮ್ಮ ತೋಟದಲ್ಲಿ ಮಾಡಿ ನೆರೆಯವರಿಗೂ ತೋರಿಸಿಕೊಟ್ಟರೆ ಅನೇಕರ ಬ್ಯಾಟರಿಗಳು ಉಳಿದಾವು.