ಮರ ಕೊಯ್ಯೋ ಮಿಷಿನ್: ಯಾರದ್ದು ಫಾಸ್ಟು?

ಕೊಳ್ಳೇಗಾಲ: ಗಾಳಿ-ಮಳೆಗೆ ರಸ್ತೆ ಮೇಲೆ ಮರ ಬಿದ್ದರೆ ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲಿ ಮೊದಲು ಹುಡುಕೋದು ಚೈನ್ ಸಾ ಇರುವವರನ್ನು. ಅಂಥ ಇಬ್ಬರು ಒಂದೆಡೆ ಸೇರಿದರೆ ‘ನಮ್ ಮಿಷಿನ್ನೇ ಫಾಸ್ಟು’ ಎಂಬ ತಮಾಷೆ ಪೈಪೋಟಿಯೂ ಶುರುವಾಗುತ್ತದೆ. ಆದರೆ ಗೆಲ್ಲಿಸುವುದು ಎಂಜಿನ್ ಗಾತ್ರ ಒಂದೇ ಅಲ್ಲ, ಚೈನಿನ ಹರಿತ.

ಕೊಯ್ಯುವಾಗ ಚಕ್ಕೆ ಉದುರಿದರೆ ಹಲ್ಲು ಹರಿತವಾಗಿದೆ ಎಂದರ್ಥ. ಹಿಟ್ಟಿನಂಥ ಪುಡಿ ಬಂದರೆ ಮೊಂಡಾಗಿದೆ. ಆಗ ಮಿಷಿನ್ ಒತ್ತಿ ಹಿಡಿದರೆ ಬಾರ್, ಚೈನ್ ಕಾಯ್ದು ಬೇಗ ಸವೆಯುತ್ತವೆ ಅಷ್ಟೇ. ಗುಂಡು ಅರದಿಂದ ಎರಡೂ ಬದಿಯ ಹಲ್ಲುಗಳನ್ನು ಸಮನಾಗಿ ಉಜ್ಜಬೇಕು. ಒಂದು ಬದಿ ಹೆಚ್ಚಾದರೆ ಕೊಯ್ತ ಓರೆಯಾಗುತ್ತದೆ.

ಮರವೂ ಮುಖ್ಯ. ಗಟ್ಟಿ ಹುಣಸೆ ಕೊಯ್ದವರನ್ನು ಕಾಫಿ ತೋಟದ ಸಿಲ್ವರ್ ಓಕ್ ಕೊಯ್ದವರ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಟಿಂಬರ್‌ಸ್ಪೋರ್ಟ್ಸ್ ಸ್ಪರ್ಧೆಯ ‘ಸ್ಟಾಕ್ ಸಾ’ ವಿಭಾಗದಲ್ಲಿ ಅದಕ್ಕೇ ಎಲ್ಲರಿಗೂ ಒಂದೇ ಮಾದರಿ ಮಿಷಿನ್, ಒಂದೇ ದಪ್ಪದ ದಿಮ್ಮಿ.

ಆತುರದಲ್ಲಿ ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷಿನ್ ಥಟ್ಟನೆ ಕೊಯ್ಯುವವರ ಕಡೆಗೇ ಎಗರುತ್ತದೆ. ಹೆಲ್ಮೆಟ್, ಬೂಟು, ಎರಡೂ ಕೈಗಳ ಹಿಡಿತ ಇಲ್ಲದಿದ್ದರೆ ಪೈಪೋಟಿಯೇ ಬೇಡ. ನಾಲ್ಕು ಸೆಕೆಂಡು ತಡವಾದರೂ ಪರವಾಗಿಲ್ಲ, ಕೈಕಾಲು ನೆಟ್ಟಗೆ ಮನೆಗೆ ಬಂದವರೇ ಗೆದ್ದಂಗೆ.