ಸರ್ಕಾರಿ ಶಾಲೆಗಳ ದುರಸ್ತಿ: ಅನುದಾನದ ಮಾರ್ಗ ಮತ್ತು ಭಕ್ತರ ಹೊಣೆ

ಮಳೆಗಾಲ ಬಂತೆಂದರೆ ಹಳೆಯ ಶಾಲಾ ಕೊಠಡಿಗಳು ಸೋರತೊಡಗುವುದು ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸದ್ಭಕ್ತರಿಗೆ ಹೊಸ ಸಂಗತಿಯಲ್ಲ. ಎರೆಭೂಮಿಯು ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ; ತಳಪಾಯ ಗಟ್ಟಿಯಿಲ್ಲದ ಗೋಡೆಗಳೂ ಅದರೊಡನೆ ಬಿರಿಯುತ್ತವೆ. 2020ರ ಅಕ್ಟೋಬರ್‌ನಲ್ಲಿ ಭೀಮೆಯು ಉಕ್ಕಿ ಹರಿದಾಗ ಅಫಜಲಪುರ, ಜೇವರ್ಗಿ ಭಾಗದ ನದಿತೀರದ ಗ್ರಾಮಗಳು ಜಲಾವೃತವಾದುದನ್ನು ನಾವೆಲ್ಲ ಕಂಡಿದ್ದೇವೆ. ಇಂತಹ ನೆಲದಲ್ಲಿ ಶಾಲಾ ಕಟ್ಟಡದ ದುರಸ್ತಿಯು ಮಕ್ಕಳ ಪ್ರಾಣರಕ್ಷಣೆಯ ಪ್ರಶ್ನೆಯೇ ಆಗಿದೆ. ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ಅದನ್ನು ಪಡೆಯುವ ಬಗೆ ಯಾವುದು ಎಂಬುದನ್ನು ಪ್ರತಿಯೊಬ್ಬ ಪಾಲಕರೂ ಅರಿತಿರಬೇಕು.

ಮೊದಲನೆಯದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ಈ ಮೂರೂ ತಾಲ್ಲೂಕುಗಳು ಸೇರಿದ್ದವು. ಮುಂದೆ ಸಂವಿಧಾನದ 371ಜೆ ವಿಧಿಯು ಜಾರಿಗೆ ಬಂದು, 2013ರಲ್ಲಿ ಮಂಡಳಿಯು ರಚನೆಯಾಯಿತು. ಈಚಿನ ವರ್ಷಗಳಲ್ಲಿ ಮಂಡಳಿಯು ‘ಅಕ್ಷರ ಆವಿಷ್ಕಾರ’ ಎಂಬ ಹೆಸರಿನಲ್ಲಿ ಶಿಕ್ಷಣಕ್ಕೆ ಪ್ರತ್ಯೇಕ ಆದ್ಯತೆ ನೀಡಿದೆ. ಹೊಸ ಕೊಠಡಿ ಮತ್ತು ದೊಡ್ಡ ದುರಸ್ತಿಗಳಿಗೆ ಇದು ಮುಖ್ಯ ಆಸರೆಯಾಗಿದೆ.

ಎರಡನೆಯದು, ಶಿಕ್ಷಣ ಇಲಾಖೆಯ ಅನುದಾನ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರವು ಶೇ. 60, ರಾಜ್ಯವು ಶೇ. 40ರಷ್ಟು ವೆಚ್ಚ ಭರಿಸುತ್ತವೆ. ಇದರಡಿ ಶಾಲೆಯ ದಾಖಲಾತಿಗೆ ಅನುಗುಣವಾಗಿ ವಾರ್ಷಿಕ ಶಾಲಾ ಅನುದಾನ ನಿಗದಿಯಾಗಿದ್ದು, ಗರಿಷ್ಠ ಮಿತಿ 1 ಲಕ್ಷ ರೂಪಾಯಿ. ಹೆಂಚು ಬದಲಿಸುವುದು, ವಿದ್ಯುತ್ ತಂತಿ ಸರಿಪಡಿಸುವುದು, ಶೌಚಾಲಯದ ಸಣ್ಣಪುಟ್ಟ ದುರಸ್ತಿ ಮುಂತಾದವುಗಳಿಗೆ ಈ ಹಣ ಸಲ್ಲುತ್ತದೆ. ಬಿದ್ದುಹೋಗುವ ಕಟ್ಟಡವನ್ನು ಉಳಿಸಲು ಇದು ಸಾಲದು. ಕೊಠಡಿಗಳ ನಿರ್ಮಾಣಕ್ಕೆಂದೇ ಬಂದ ‘ವಿವೇಕ’ ಯೋಜನೆಗೆ 2022ರ ನವೆಂಬರ್ 14ರಂದು ನಮ್ಮ ಕಲಬುರಗಿ ಜಿಲ್ಲೆಯಲ್ಲಿಯೇ ಚಾಲನೆ ದೊರೆತಿತ್ತು.

ಮೂರನೆಯದು, ಪಂಚಾಯಿತಿಗಳು. ಹದಿನೈದನೆಯ ಹಣಕಾಸು ಆಯೋಗದ ಶಿಫಾರಸಿನಂತೆ ಗ್ರಾಮ ಪಂಚಾಯಿತಿಗೆ ಬಂದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉದ್ಯೋಗ ಖಾತರಿ ಯೋಜನೆಯ ಮೂಲಕ ಶಾಲೆಯ ಆವರಣ ಗೋಡೆ, ಆಟದ ಮೈದಾನ, ಶೌಚಾಲಯಗಳು ರಾಜ್ಯದ ಅನೇಕ ಕಡೆ ನಿರ್ಮಾಣಗೊಂಡಿವೆ. ಇವುಗಳ ಜೊತೆಗೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೂ ಇದೆ.

ಇಷ್ಟು ಮಾರ್ಗಗಳಿದ್ದರೂ ಕೊಠಡಿ ಸೋರುವುದೇಕೆ? ಹಣ ತಾನಾಗಿ ಶಾಲೆಯನ್ನು ಹುಡುಕಿಕೊಂಡು ಬರುವುದಿಲ್ಲ. ಬೇಡಿಕೆಯು ಬರಹದಲ್ಲಿರಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು ಈ ಅಧಿಕಾರವನ್ನು ಪಾಲಕರ ಕೈಗೇ ಕೊಟ್ಟಿದೆ. ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಆಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸಮಿತಿಯು ಸಿದ್ಧಪಡಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರವೆಂದು ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಎಸ್‌ಡಿಎಂಸಿ ಎಂದು ಕರೆಯಲಾಗುವ ಈ ಸಮಿತಿಯ ಸಭೆ ಹೆಸರಿಗಷ್ಟೇ ನಡೆದರೆ, ಯೋಜನೆಯೂ ಹೆಸರಿಗಷ್ಟೇ ಉಳಿಯುತ್ತದೆ.

ಆದ್ದರಿಂದ ಭಕ್ತರು ಮಾಡಬೇಕಾದ ಕಾರ್ಯ ಸರಳವಾಗಿದೆ. ಮಳೆಗಾಲಕ್ಕೆ ಮೊದಲೇ ಎಸ್‌ಡಿಎಂಸಿ ಸದಸ್ಯರು ಮುಖ್ಯೋಪಾಧ್ಯಾಯರೊಡನೆ ಪ್ರತಿ ಕೊಠಡಿಯನ್ನೂ ನೋಡಿ, ಬಿರುಕು, ಸೋರಿಕೆಗಳ ಛಾಯಾಚಿತ್ರ ಸಹಿತ ಠರಾವು ಬರೆಯಬೇಕು. ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಗ್ರಾಮ ಪಂಚಾಯಿತಿಗೂ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಅಭಿಯಂತರರಿಂದ ಪರಿಶೀಲನೆ ಹಾಗೂ ಅಂದಾಜು ಪಟ್ಟಿ ಕೇಳಬೇಕು. ಗ್ರಾಮಸಭೆಯಲ್ಲಿ ವಿಷಯವೆತ್ತಬೇಕು, ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಮಾತಿಗೂ ಕಿವಿಗೊಡಬೇಕು. ಅಪಾಯಕಾರಿ ಎನಿಸಿದ ಕೊಠಡಿಯಲ್ಲಿ ಅನುದಾನ ಬರುವವರೆಗೂ ಮಕ್ಕಳನ್ನು ಕೂಡಿಸಬಾರದು. ಸಮುದಾಯ ಭವನವೋ ಗುಡಿಯ ಅಂಗಳವೋ ಆ ಹೊತ್ತಿಗೆ ತರಗತಿಯಾಗಲಿ. ಕಾಮಗಾರಿ ಆರಂಭವಾದ ಮೇಲೆ ಮೊತ್ತ, ಅವಧಿ, ಗುತ್ತಿಗೆದಾರರ ವಿವರ ಕೇಳುವುದಕ್ಕೆ ಮಾಹಿತಿ ಹಕ್ಕು ಕಾಯ್ದೆಯಿದೆ.

ಮಹಾದಾಸೋಹಿ ಶರಣಬಸವೇಶ್ವರರು ಜನಿಸಿದ ಅರಳಗುಂಡಗಿ ಇರುವುದು ನಮ್ಮ ಕಲಬುರಗಿ ಜಿಲ್ಲೆಯಲ್ಲಿಯೇ. ದಾಸೋಹವೆಂದರೆ ಅನ್ನದಾನವಷ್ಟೇ ಅಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ಓದುವವರು ಬಹುತೇಕ ಕೂಲಿಕಾರರ, ಸಣ್ಣ ಹಿಡುವಳಿದಾರರ ಮಕ್ಕಳು. ಅವರಿಗೆ ಬೇರೆ ಶಾಲೆಯ ದಾರಿಯಿಲ್ಲ. ಆ ಮಕ್ಕಳಿಗಾಗಿ ಸಭೆಗೆ ಹೋಗಿ ಒಂದು ಗಂಟೆ ಕುಳಿತುಕೊಳ್ಳುವುದು, ಒಂದು ಅರ್ಜಿಯ ಬೆನ್ನುಹತ್ತುವುದು ಕೂಡ ದಾಸೋಹವೇ. ಸರ್ಕಾರ ಕೊಡಬೇಕಾದುದನ್ನು ಕೇಳಿ ಪಡೆಯೋಣ. ಬಂದುದು ವ್ಯರ್ಥವಾಗದಂತೆ ಕಾಯೋಣ.